‘ನೀನು ಸುಮ್ನೆ ಕೂತ್ಕೋ ಅಜ್ಜಿ’ ಅನ್ನೋದಕ್ಕೆ ಮುಂಚೆ ಇದನ್ನ ಕೇಳಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರಿ ಅಂದ್ಕೊಳ್ತೀನಿ. ಇವತ್ತು ನಮ್ಮ ಮನೆಯಿಂದಲೇ ಶುರು ಮಾಡ್ತೀನಿ.

ನನ್ನ ಅಜ್ಜಿಗೆ 82 ವರ್ಷ. ಮದ್ದೂರು ಹತ್ತಿರದ ಒಂದು ಹಳ್ಳಿಯವರು. ತಾತ ತೀರಿಕೊಂಡ ಮೇಲೆ ಬೆಂಗಳೂರಿಗೆ, ನಮ್ಮ ಎರಡನೇ ಮಹಡಿ ಮನೆಗೆ ಬಂದರು. ಮೂರು ವರ್ಷದ ಹಿಂದೆ ಡಾಕ್ಟರು ಪರೀಕ್ಷೆ ಎಲ್ಲ ಮಾಡಿ ‘ಆಲ್‌ಝೈಮರ್ಸ್’ ಅಂದರು.

ಒಂದು ಸಲ ಹಾಲಿನ ಪಾತ್ರೆ ಸೀದುಹೋಯ್ತು. ಗ್ಯಾಸ್ ಹತ್ರ ಬರಬೇಡಿ ಅಂದ್ವಿ. ಅದು ಸರಿ. ಆಮೇಲೆ ಚಾಕು ತೆಗೆದಿಟ್ವಿ. ಅದೂ ಸರಿ. ಆದರೆ ಅಲ್ಲಿಗೆ ನಿಲ್ಲಲಿಲ್ಲ. ಹೂ ಕಟ್ಟಿದರೆ ಗಂಟು ಸಡಿಲ ಆಗ್ತಿತ್ತು, ಅಮ್ಮ ರಾತ್ರಿ ಕೂತು ಮತ್ತೆ ಕಟ್ತಿದ್ದರು. ಬಟ್ಟೆ ಮಡಚಿದರೆ ಅಪ್ಪನ ಅಂಗಿ ನನ್ನ ಕಪಾಟಿಗೆ ಹೋಗ್ತಿತ್ತು. ಒಂದೊಂದಾಗಿ ಎಲ್ಲಾ ಕೆಲಸ ಅಜ್ಜಿ ಕೈಯಿಂದ ತಗೊಂಡ್ವಿ. ಅಮ್ಮ ಹೇಳ್ತಿದ್ದರು, ‘ಅತ್ತೆ, ನೀವು ಆರಾಮಾಗಿ ಕೂತ್ಕೊಳ್ಳಿ.’ ನಾನು ಹೇಳ್ತಿದ್ದೆ, ‘ನೀನು ಸುಮ್ನೆ ಕೂತ್ಕೋ ಅಜ್ಜಿ, ನಾವು ಮಾಡ್ತೀವಿ.’ ಪ್ರೀತಿಯಿಂದಲೇ ಹೇಳಿದ್ದು.

ಅಜ್ಜಿ ಕೂತರು. ಒಂದು ವರ್ಷ ಟಿವಿ ಮುಂದೆ ಕೂತರು. ಕೈ ಮಾತ್ರ ಸುಮ್ಮನಿರ್ತಿರಲಿಲ್ಲ. ಸೆರಗಿನ ಅಂಚು ಹಿಡಿದು ಮಡಚೋದು, ಬಿಚ್ಚೋದು, ಮತ್ತೆ ಮಡಚೋದು. ಸಂಜೆ ಐದಾದರೆ ಬಾಗಿಲ ಹತ್ರ ಹೋಗಿ ನಿಲ್ಲೋರು. ‘ಹೊತ್ತಾಯ್ತು ಕಣವ್ವ, ಮನೆಗೆ ಹೋಗ್ಬೇಕು. ದನ ಕಟ್ಟಿಲ್ಲ.’ ಇದೇ ನಿನ್ನ ಮನೆ ಅಂದರೆ ಅಳು, ಇಲ್ಲಾ ಸಿಟ್ಟು.

ಕಳೆದ ಡಿಸೆಂಬರ್‌ನಲ್ಲಿ ಒಂದು ಸಂಜೆ ಅಮ್ಮ ಮೂರು ಕೆಜಿ ಅವರೆಕಾಯಿ ತಂದು ನ್ಯೂಸ್‌ಪೇಪರ್ ಮೇಲೆ ಸುರಿದಿದ್ದರು. ಅಷ್ಟರಲ್ಲಿ ಫೋನ್ ಬಂತು, ಬಾಲ್ಕನಿಗೆ ಹೋದರು. ವಾಪಸ್ ಬಂದು ನೋಡಿದರೆ ಅಜ್ಜಿ ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತು ಕಾಯಿ ಸುಲೀತಾ ಇದ್ದಾರೆ. ಹೆಬ್ಬೆರಳಿನ ಉಗುರು ಹಾಕಿದರೆ ಸಿಪ್ಪೆ ಬಾಯಿಬಿಡ್ತಿತ್ತು. ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ. ಹುಳ ಹಿಡಿದಿದ್ದನ್ನ ಮೂರನೇ ಕಡೆ ಹಾಕ್ತಿದ್ದರು. ಹೇಳಿಕೊಟ್ಟವರು ಯಾರೂ ಇಲ್ಲ. ಮುಕ್ಕಾಲು ಗಂಟೆ ಕೂತಿದ್ದರು. ಅವತ್ತು ‘ಮನೆಗೆ ಹೋಗ್ಬೇಕು’ ಅನ್ನೋ ಮಾತು ಒಂದು ಸಲವೂ ಬರಲಿಲ್ಲ.

ನನ್ನ ಹೆಸರು ನೆನಪಿಲ್ಲದ ಅಜ್ಜಿಗೆ ಹುಳುಕು ಕಾಳು ಯಾವುದು, ಒಳ್ಳೆ ಕಾಳು ಯಾವುದು ಅಂತ ಹೇಗೆ ಗೊತ್ತಾಯ್ತು? ಆ ಪ್ರಶ್ನೆ ಹಿಡ್ಕೊಂಡು ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು, ಚಿಕ್ಕ ಮಕ್ಕಳ ಶಾಲೆಗಳ ಬೋರ್ಡ್ ಮೇಲೆ ನಾವೆಲ್ಲ ನೋಡಿರೋ ಒಂದು ಹೆಸರು. ಮಾಂಟೆಸರಿ.

ಅರಳು ಮರಳು ಅಲ್ಲ, ಕಾಯಿಲೆ

ಮೊದಲು ಕಾಯಿಲೆ ಬಗ್ಗೆ ಎರಡು ಮಾತು. ‘ಅರವತ್ತಕ್ಕೆ ಅರಳು ಮರಳು’ ಅಂತ ಗಾದೆ ಇದೆ. ಗಾದೆ ತಮಾಷೆಗೆ ಸರಿ, ಆದರೆ ಅದರಿಂದ ಒಂದು ತೊಂದರೆ ಆಗಿದೆ. ವಯಸ್ಸಾದ ಮೇಲೆ ಇದೆಲ್ಲ ಸಹಜ ಅಂದ್ಕೊಂಡು ಎಷ್ಟೋ ಮನೆಗಳಲ್ಲಿ ಡಾಕ್ಟರ ಹತ್ರ ಹೋಗೋದೇ ಇಲ್ಲ. ಕನ್ನಡಕ ಎಲ್ಲಿಟ್ಟೆ ಅಂತ ಮರೆಯೋದು ಸಹಜ. ಕನ್ನಡಕ ಕೈಯಲ್ಲಿ ಹಿಡಿದು ಇದು ಯಾತಕ್ಕೆ ಅಂತ ಕೇಳಿದರೆ ಪರೀಕ್ಷೆ ಮಾಡಿಸಬೇಕು.

ಡಿಮೆನ್ಷಿಯಾ ಅನ್ನೋದು ಒಂದೇ ರೋಗದ ಹೆಸರಲ್ಲ. ನೆನಪು, ಯೋಚನೆ, ಮಾತು, ದಿನದ ಕೆಲಸ ಮಾಡೋ ಶಕ್ತಿ ನಿಧಾನವಾಗಿ ಕುಗ್ಗುವ ಹಲವು ಸ್ಥಿತಿಗಳಿಗೆ ಒಟ್ಟಾಗಿ ಇಟ್ಟ ಹೆಸರು. ಅದರಲ್ಲಿ ಹೆಚ್ಚು ಕಾಣೋದು ಆಲ್‌ಝೈಮರ್ಸ್. ನಮ್ಮ ದೇಶದ ಹಿರಿಯರ ಬಗ್ಗೆ ನಡೆದ ದೊಡ್ಡ ಅಧ್ಯಯನವೊಂದರ ಲೆಕ್ಕ 2023ರಲ್ಲಿ ಪ್ರಕಟವಾಯ್ತು. ಅದರ ಪ್ರಕಾರ 60 ದಾಟಿದವರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಅಂದರೆ ಇದು ಬರೀ ಸಿಟಿ ಫ್ಲ್ಯಾಟುಗಳ ಕಾಯಿಲೆ ಅಲ್ಲ.

ಎರಡು ಥರದ ನೆನಪು

ಈಗ ಹುಳುಕು ಕಾಳಿನ ಪ್ರಶ್ನೆಗೆ ಬರೋಣ. ನಾವು ನೆನಪು ಅನ್ನೋದನ್ನ ಒಂದೇ ಪೆಟ್ಟಿಗೆ ಅಂದ್ಕೊಂಡಿದ್ದೀವಿ. ಮಿದುಳಿನಲ್ಲಿ ಅದು ಹಾಗಿಲ್ಲ. ನಿನ್ನೆ ಏನು ತಿಂದೆ, ಮೊಮ್ಮಗಳ ಹೆಸರೇನು, ಇವತ್ತು ಯಾವ ವಾರ ಅನ್ನೋದೆಲ್ಲ ಹೇಳಬಲ್ಲ ನೆನಪು. ಹೊಸದಾಗಿ ಇಂಥ ನೆನಪು ಕೂಡಿಡೋಕೆ ಹಿಪ್ಪೋಕ್ಯಾಂಪಸ್ ಅನ್ನೋ ಭಾಗ ಬೇಕೇ ಬೇಕು. ಆಲ್‌ಝೈಮರ್ಸ್ ಶುರುವಲ್ಲೇ ಹೊಡೆಯೋದು ಆ ಭಾಗಕ್ಕೆ.

ಸೈಕಲ್ ಹೊಡೆಯೋದು, ಹೂ ಕಟ್ಟೋದು, ರಾಗಿ ಮುದ್ದೆ ತೊಳಸೋದು ಬೇರೆ ಥರ. ಅದನ್ನ ಬಾಯಲ್ಲಿ ಹೇಳು ಅಂದರೆ ನಮಗೂ ಕಷ್ಟ, ಆದರೆ ಕೈಗೆ ಗೊತ್ತಿರುತ್ತೆ. ಈ ಅಭ್ಯಾಸದ ನೆನಪಿಗೆ ಮಿದುಳಿನ ಬೇರೆ ಭಾಗಗಳು ದುಡಿಯುತ್ತವೆ. ಆಲ್‌ಝೈಮರ್ಸ್ ಇದ್ದವರಲ್ಲಿ ಅದು ಹೆಚ್ಚು ಕಾಲ ಉಳಿಯುತ್ತೆ.

ಇದು ವಿಜ್ಞಾನಿಗಳಿಗೆ ಗೊತ್ತಾದ ಕಥೆಯೂ ಚೆನ್ನಾಗಿದೆ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಅನ್ನೋ ಯುವಕನಿಗೆ ಮೂರ್ಛೆರೋಗ ವಾಸಿ ಮಾಡೋಕೆ ಅಂತ ಮಿದುಳಿನ ಎರಡೂ ಕಡೆಯ ಹಿಪ್ಪೋಕ್ಯಾಂಪಸ್‌ನ ಬಹುಪಾಲು ತೆಗೆದರು. ಆಮೇಲೆ ಅವರಿಗೆ ಹೊಸದೇನೂ ನೆನಪಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಅನ್ನೋ ವಿಜ್ಞಾನಿ ಅವರಿಗೆ ಒಂದು ಕೆಲಸ ಕೊಟ್ಟರು. ಕನ್ನಡಿಯಲ್ಲಿ ಮಾತ್ರ ನೋಡ್ಕೊಂಡು ನಕ್ಷತ್ರದ ಗೆರೆ ಎಳೀಬೇಕು. ಮನೆಯಲ್ಲಿ ಮಾಡಿ ನೋಡಿ, ಕೈ ಉಲ್ಟಾ ಓಡುತ್ತೆ. ಹೆನ್ರಿ ಪ್ರತಿ ದಿನ ‘ಇದನ್ನ ನಾನು ಮಾಡಿಯೇ ಇಲ್ಲ’ ಅನ್ನೋ ಹಾಗೆ ಬಂದು ಕೂರೋರು. ಆದರೆ ದಿನದಿಂದ ದಿನಕ್ಕೆ ಗೆರೆ ನೇರ ಆಗ್ತಾ ಹೋಯ್ತು. ತಲೆಗೆ ಗೊತ್ತಿಲ್ಲ, ಕೈ ಕಲಿತಿತ್ತು.

ನಮ್ಮಜ್ಜಿ ಅವರೆಕಾಯಿ ಸುಲಿದದ್ದೂ ಅಲ್ಲಿಂದಲೇ. ಎಪ್ಪತ್ತು ವರ್ಷದ ಚಳಿಗಾಲಗಳು ಆ ಹೆಬ್ಬೆರಳಲ್ಲಿ ಕೂತಿದ್ದವು. ನಾವು ‘ಸುಮ್ನೆ ಕೂತ್ಕೋ’ ಅಂದಾಗ, ಕಾಯಿಲೆ ಇನ್ನೂ ಮುಟ್ಟದೇ ಬಿಟ್ಟಿದ್ದನ್ನ ನಾವೇ ಕಿತ್ಕೊಂಡಿದ್ವಿ. ಇದು ಅರ್ಥ ಆದಾಗ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮಕ್ಕಳ ಟೀಚರ್ ಇಲ್ಲಿಗೆ ಹೇಗೆ ಬಂದರು?

ಮಾರಿಯಾ ಮಾಂಟೆಸರಿ ಹುಟ್ಟಿದ್ದು 1870ರಲ್ಲಿ, ಇಟಲಿಯಲ್ಲಿ. ಓದಿದ್ದು ವೈದ್ಯಕೀಯ. ಅಲ್ಲಿ ಡಾಕ್ಟರ್ ಆದ ಮೊದಲ ಕೆಲವು ಹೆಂಗಸರಲ್ಲಿ ಒಬ್ಬರು. ಓದು ಮುಗಿಸಿದ ಹೊಸದರಲ್ಲಿ ರೋಮ್‌ನ ಒಂದು ಮಾನಸಿಕ ಆಶ್ರಮಕ್ಕೆ ಹೋಗ್ತಿದ್ದರು. ಅಲ್ಲಿನ ಒಂದು ಪ್ರಸಂಗ ಅವರ ಬಗ್ಗೆ ಯಾವಾಗಲೂ ಹೇಳ್ತಾರೆ. ಬುದ್ಧಿ ಬೆಳೆದಿಲ್ಲ ಅಂತ ಕೂಡಿಹಾಕಿದ್ದ ಮಕ್ಕಳು ಊಟ ಆದ ಮೇಲೆ ನೆಲದ ಮೇಲಿನ ಬ್ರೆಡ್ ಚೂರು ಹೆಕ್ಕುತ್ತಿದ್ದವು. ನೋಡಿಕೊಳ್ಳೋ ಹೆಂಗಸು ಅದನ್ನ ಹೊಟ್ಟೆಬಾಕತನ ಅಂದಳು. ಮಾಂಟೆಸರಿ ಕೋಣೆ ಸುತ್ತ ನೋಡಿದರು. ಮುಟ್ಟೋಕೆ, ಹಿಡಿಯೋಕೆ ಅಲ್ಲಿ ಏನೂ ಇರಲಿಲ್ಲ. ಆ ಮಕ್ಕಳ ಕೈ ಕೆಲಸ ಹುಡುಕುತ್ತಿದೆ ಅನ್ನೋದು ಅವರಿಗೆ ಹೊಳೆಯಿತು.

ಇದನ್ನ ಓದಿದಾಗ ನನಗೆ ಅಜ್ಜಿಯ ಸೆರಗು ನೆನಪಾಯ್ತು. ಮಡಚೋದು, ಬಿಚ್ಚೋದು, ಮತ್ತೆ ಮಡಚೋದು.

1907ರ ಜನವರಿಯಲ್ಲಿ ಅವರು ರೋಮ್‌ನ ಬಡವರ ಬಡಾವಣೆ ಸ್ಯಾನ್ ಲೊರೆಂಜೊದಲ್ಲಿ ಮೊದಲ ‘ಮಕ್ಕಳ ಮನೆ’ ತೆರೆದರು. ಜರ್ಮನಿಯ ವೈದ್ಯ ಅಲೊಯಿಸ್ ಆಲ್‌ಝೈಮರ್ ತಾವು ಕಂಡ ವಿಚಿತ್ರ ಮರೆವಿನ ಕಾಯಿಲೆ ಬಗ್ಗೆ ಬರೆದು ಪ್ರಕಟಿಸಿದ್ದೂ ಅದೇ 1907ರಲ್ಲಿ. ಎರಡೂ ಹೆಸರು ಒಂದೇ ಮನೆಯೊಳಗೆ ಬರೋಕೆ ಇನ್ನೂ ಹೆಚ್ಚೂಕಡಿಮೆ ತೊಂಬತ್ತು ವರ್ಷ ಹಿಡಿಯಿತು.

ಮಾಂಟೆಸರಿಗೂ ನಮಗೂ ನೇರ ನಂಟಿದೆ. 1939ರಲ್ಲಿ, ತಮ್ಮ 69ನೇ ವಯಸ್ಸಲ್ಲಿ, ಅವರು ಮದರಾಸಿನ ಅಡ್ಯಾರ್‌ಗೆ ಪಾಠ ಮಾಡೋಕೆ ಬಂದರು. ಕೆಲವೇ ತಿಂಗಳು ಇದ್ದು ಹೋಗೋ ಯೋಚನೆ. ಅಷ್ಟರಲ್ಲಿ ಮಹಾಯುದ್ಧ ಬಲವಾಯ್ತು, ಇಟಲಿ ಬ್ರಿಟನ್ನಿನ ಶತ್ರು ದೇಶ ಆಯ್ತು, ಅವರು ಇಲ್ಲೇ ಉಳಿದರು. ಅಡ್ಯಾರ್, ಕೊಡೈಕೆನಾಲ್ ಅಂತ 1946ರವರೆಗೂ ಇದ್ದು ನೂರಾರು ಶಿಕ್ಷಕರನ್ನ ತಯಾರು ಮಾಡಿದರು. ನಮ್ಮ ಬೀದಿಯ ಬೋರ್ಡುಗಳ ಮೇಲೆ ಆ ಹೆಸರು ಇಷ್ಟು ಕಾಣೋದಕ್ಕೆ ಅದೂ ಒಂದು ಕಾರಣ.

1990ರ ದಶಕದಲ್ಲಿ ಅಮೆರಿಕದ ಒಹಾಯೊದಲ್ಲಿ ಕ್ಯಾಮರಾನ್ ಕ್ಯಾಂಪ್ ಅನ್ನೋ ಮನಃಶಾಸ್ತ್ರಜ್ಞ ಈ ಪದ್ಧತಿಯನ್ನ ಡಿಮೆನ್ಷಿಯಾ ಇರೋ ಹಿರಿಯರಿಗೆ ಹೊಂದಿಸಿದರು. ಅವರ ಒಂದು ಪ್ರಯೋಗದಲ್ಲಿ ಕಾಯಿಲೆ ಇರೋ ಹಿರಿಯರೇ ಪುಟ್ಟ ಮಕ್ಕಳಿಗೆ ಮಾಂಟೆಸರಿ ಪಾಠ ಹೇಳಿಕೊಟ್ಟರು. ಇವತ್ತು ಆಸ್ಟ್ರೇಲಿಯಾ, ಕೆನಡಾ ಥರದ ದೇಶಗಳಲ್ಲೂ ಇದು ನಡೀತಿದೆ. ಮಾಂಟೆಸರಿ ಅವರೇ 1929ರಲ್ಲಿ ಕಟ್ಟಿದ ಅಸೋಸಿಯೇಷನ್ ಮಾಂಟೆಸರಿ ಇಂಟರ್‌ನ್ಯಾಷನಲ್ ಸಂಸ್ಥೆ ಹಿರಿಯರ ಆರೈಕೆಗೂ ತರಬೇತಿ ಕೊಡುತ್ತೆ.

ನಾನು ಮಾಡಿದ ಮೊದಲ ತಪ್ಪು

ಇಷ್ಟು ಓದಿದ ಉತ್ಸಾಹದಲ್ಲಿ ನಾನೇನು ಮಾಡಿದೆ ಗೊತ್ತಾ? ಆನ್‌ಲೈನ್‌ನಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಬ್ಲಾಕು, ಆಕಾರ ಜೋಡಿಸೋ ಆಟದ ಸಾಮಾನು ತರಿಸಿದೆ. ಅಜ್ಜಿ ಮುಂದೆ ಇಟ್ಟು, ಮಕ್ಕಳ ಜೊತೆ ಮಾತಾಡೋ ದನಿಯಲ್ಲಿ ‘ಅಜ್ಜೀ, ಕೆಂಪು ಎಲ್ಲಿದೆ ಹೇಳು ನೋಡೋಣ’ ಅಂದೆ.

ಅಜ್ಜಿ ಒಂದು ಕ್ಷಣ ನನ್ನನ್ನೇ ನೋಡಿದರು. ಡಬ್ಬ ಮುಚ್ಚಿ ನನ್ನ ಕಡೆ ತಳ್ಳಿದರು. ‘ಯಾವ್ದಾದ್ರೂ ಮಗೀಗೆ ಕೊಡವ್ವ.’

ಅವರ ನೆನಪು ಹೋಗಿರಬಹುದು, ಮಾನ ಎಲ್ಲೂ ಹೋಗಿಲ್ಲ. ಆರು ಜನ ಮಕ್ಕಳನ್ನ ಸಾಕಿ, ಗದ್ದೆ ನಾಟಿಗೆ ಇಪ್ಪತ್ತು ಆಳಿಗೆ ಅಡುಗೆ ಮಾಡಿದ ಹೆಂಗಸಿಗೆ ನಾನು ಪರೀಕ್ಷೆ ಇಟ್ಟಿದ್ದೆ. ಆ ಡಬ್ಬ ಈಗ ಪಕ್ಕದ ಮನೆ ಮಗು ಹತ್ರ ಇದೆ.

ಈ ಪದ್ಧತಿಯಲ್ಲಿ ಎಲ್ಲರೂ ಎಡವೋ ಜಾಗ ಇದೇ. ಮಾಂಟೆಸರಿಯಿಂದ ತಗೋಬೇಕಾದ್ದು ಮಕ್ಕಳ ಸಾಮಾನು ಅಲ್ಲ, ಅವರು ಮಕ್ಕಳಿಗೂ ಕೊಟ್ಟ ಮರ್ಯಾದೆ. ಅವರ ಶಾಲೆಯಲ್ಲಿ ಮಕ್ಕಳಿಗೆ ನಿಜವಾದ ಪಿಂಗಾಣಿ ಬಟ್ಟಲು, ನಿಜವಾದ ಪೊರಕೆ ಕೊಡ್ತಿದ್ದರು. ಅಜ್ಜಿಗೂ ನಿಜವಾದ ಮೊರ, ನಿಜವಾದ ಅಕ್ಕಿ ಬೇಕು. ಆ ಕೆಲಸದಿಂದ ಮನೆಗೆ ನಿಜವಾಗಿ ಏನೋ ಆಗಬೇಕು. ಅಜ್ಜಿ ಸುಲಿದ ಅವರೆಕಾಳು ಅವತ್ತು ರಾತ್ರಿ ಸಾರಿಗೆ ಬಿದ್ದಿತ್ತು.

ನಮ್ಮ ಮನೆಯಲ್ಲಿ ಹೇಗೆ ಮಾಡ್ತೀವಿ

ಈಗ ಕೆಲಸದ ಮಾತು. ನೋಟ್ಸ್ ಮಾಡ್ಕೊಳ್ಳೋರು ಮಾಡ್ಕೊಳ್ಳಿ.

ಮೊದಲನೆಯದು, ಕರೆಯೋ ರೀತಿ. ‘ಬಾ ಅಜ್ಜಿ, ಟೈಂಪಾಸ್ ಮಾಡು’ ಅಂದರೆ ಬರಲ್ಲ. ‘ಅಜ್ಜಿ, ನಂಗೊಂದು ಸಹಾಯ ಬೇಕಿತ್ತು’ ಅಂದರೆ ಎದ್ದು ಬರ್ತಾರೆ. ಕ್ಯಾಂಪ್ ಅವರ ಪದ್ಧತಿಯಲ್ಲೂ ಹೀಗೇ. ಅಪ್ಪಣೆ ಕೊಡಬೇಡಿ, ಸಹಾಯ ಕೇಳಿ. ಬೇಡ ಅಂದರೆ ಬಿಟ್ಟುಬಿಡಿ.

ಎರಡನೆಯದು, ಆಯ್ಕೆ. ‘ಏನು ಮಾಡ್ತೀಯ?’ ಅನ್ನೋದು ದೊಡ್ಡ ಪ್ರಶ್ನೆ, ತಲೆ ಗೊಂದಲ ಆಗುತ್ತೆ. ಎರಡು ವಸ್ತು ಎದುರಿಗೆ ಇಡಿ. ‘ಹೂ ಕಟ್ಟೋಣವಾ, ಬತ್ತಿ ಹೊಸೆಯೋಣವಾ?’ ಮಾತು ಬರದಿದ್ದರೂ ಕೈ ಒಂದರ ಕಡೆ ಹೋಗುತ್ತೆ. ದಿನವಿಡೀ ಬೇರೆಯವರೇ ಎಲ್ಲಾ ತೀರ್ಮಾನ ಮಾಡೋ ಮನೆಯಲ್ಲಿ ಅದು ಅವರ ಸ್ವಂತ ತೀರ್ಮಾನ.

ಮೂರನೆಯದು, ಮಾತು ಕಡಿಮೆ, ತೋರಿಸೋದು ಹೆಚ್ಚು. ನಾವು ಸಾಮಾನ್ಯವಾಗಿ ಒಂದೇ ಉಸಿರಲ್ಲಿ ‘ಇದನ್ನ ತಗೊಂಡು ಅಲ್ಲಿಟ್ಟು ಆಮೇಲೆ ಮಡಚು’ ಅಂತೀವಿ. ಕೊನೆ ಪದ ಬರೋ ಹೊತ್ತಿಗೆ ಮೊದಲನೆಯದು ಮರೆತಿರುತ್ತೆ. ಅದರ ಬದಲು ಪಕ್ಕದಲ್ಲಿ ಕೂತು, ಬಾಯಿ ಮುಚ್ಕೊಂಡು, ನಿಧಾನವಾಗಿ ಒಂದು ಸಲ ಮಾಡಿ ತೋರಿಸಿ. ಆಮೇಲೆ ಅವರ ಕೈಗೆ ಕೊಡಿ.

ನಾಲ್ಕನೆಯದು, ಕೆಲಸವನ್ನ ಒಡೆಯೋದು. ಹೂ ಕಟ್ಟೋದರಲ್ಲಿ ಎಷ್ಟು ಹೆಜ್ಜೆ ಇದೆ ನೋಡಿ. ಮೊಗ್ಗು ಆರಿಸಬೇಕು, ಜೋಡಿ ಮಾಡಬೇಕು, ದಾರದ ಮೇಲೆ ಇಡಬೇಕು, ಸುತ್ತಬೇಕು, ಗಂಟು ಹಾಕಬೇಕು. ಈಗ ಅಜ್ಜಿಗೆ ಒಂದೊಂದು ದಿನ ಪೂರ್ತಿ ಬರುತ್ತೆ, ಒಂದೊಂದು ದಿನ ಬರಲ್ಲ. ಬರದ ದಿನ ಅವರು ಎರಡೆರಡು ಮೊಗ್ಗು ಜೋಡಿಸಿ ಕೊಡ್ತಾರೆ, ನಾನು ಕಟ್ತೀನಿ. ಮಾಲೆ ಇಬ್ಬರದ್ದೂ. ಕಾಯಿಲೆ ಮುಂದೆ ಹೋದ ಹಾಗೆ ಹೆಜ್ಜೆ ಕಡಿಮೆ ಮಾಡ್ತಾ ಹೋಗಬೇಕು. ಕೊನೆಗೆ ಮಲ್ಲಿಗೆ ಕೈಯಲ್ಲಿ ಹಿಡಿದು ಮೂಸೋದಷ್ಟೇ ಉಳಿದರೂ ಅದು ಲೆಕ್ಕಕ್ಕೆ ಬರುತ್ತೆ.

ಐದನೆಯದು, ತಪ್ಪು ಹಿಡೀಬೇಡಿ. ಟವೆಲ್ ಓರೆಯಾಗಿ ಮಡಚಿದರೆ ಏನು ಮುಳುಗಿತು? ಅವರೆದುರೇ ಬಿಚ್ಚಿ ಮತ್ತೆ ಮಡಚೋದು ಬೇಡ. ಮಾಂಟೆಸರಿ ಸಾಮಾನಿನಲ್ಲಿ ತಪ್ಪಾದರೆ ವಸ್ತುವೇ ಹೇಳುತ್ತೆ, ಟೀಚರ್ ಬೈಯೋ ಅಗತ್ಯ ಇರಲ್ಲ. ಮನೆಯಲ್ಲೂ ಅಂಥದ್ದು ಮಾಡಬಹುದು. ಚಮಚ ಎಷ್ಟು ಉದ್ದ ಇದೆಯೋ ಅಷ್ಟೇ ಉದ್ದದ ಚಿತ್ರ ಕಾಗದದ ಮೇಲೆ ಬರೆದಿಟ್ಟರೆ ಅದರ ಮೇಲೆ ಜೋಡಿಸೋಕೆ ಯಾರನ್ನೂ ಕೇಳಬೇಕಾಗಿಲ್ಲ.

ಆರನೆಯದು, ಮನೆಯೇ ಮಾತಾಡಬೇಕು. ಮಾಂಟೆಸರಿ ಇದನ್ನ ಸಿದ್ಧಪಡಿಸಿದ ಪರಿಸರ ಅಂತಾರೆ. ಅಜ್ಜಿ ನಾಲ್ಕನೇ ಕ್ಲಾಸು ಓದಿದವರು. ಓದೋ ಅಭ್ಯಾಸ ಹಲವರಲ್ಲಿ ತುಂಬಾ ದಿನ ಉಳಿಯುತ್ತೆ. ಬಚ್ಚಲುಮನೆ ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ‘ಬಚ್ಚಲು’ ಅಂತ ಬರೆದು, ಪಕ್ಕದಲ್ಲಿ ಚೊಂಬಿನ ಚಿತ್ರ ಅಂಟಿಸಿದ್ದೀನಿ. ಅವರು ಬಳಸೋ ಪದವನ್ನೇ ಬರೀಬೇಕು, ‘ವಾಶ್‌ರೂಮ್’ ಅಂತ ಬರೆದರೆ ಉಪಯೋಗ ಇಲ್ಲ. ಓದು ಬಾರದವರಿಗೆ ಚಿತ್ರವೇ ಸಾಕು. ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ ಇಟ್ಟರೆ ಕಣ್ಣಿಗೆ ಬೀಳಲ್ಲ, ಬಣ್ಣದ ತಟ್ಟೆ ಇಡಿ. ಬಾಗಿಲ ಹತ್ರ ಕಪ್ಪು ಕಾಲೊರೆಸು ಇದ್ದರೆ ಕೆಲವರಿಗೆ ಗುಂಡಿ ಥರ ಕಾಣುತ್ತೆ, ದಾಟೋಕೆ ಹೆದರ್ತಾರೆ. ಅದನ್ನ ತೆಗೀರಿ.

ತಾತಂದಿರ ಬಗ್ಗೆಯೂ ಹೇಳಬೇಕು. ಗ್ಯಾರೇಜ್‌ನಲ್ಲಿ ದುಡಿದವರಿಗೆ ನಟ್ಟು ಬೋಲ್ಟು ಜೋಡಿಸೋದು, ಮೇಷ್ಟ್ರಾಗಿದ್ದವರಿಗೆ ಹೆಡ್‌ಲೈನ್ ಜೋರಾಗಿ ಓದೋದು, ಅಂಗಡಿ ಇಟ್ಟಿದ್ದವರಿಗೆ ನಾಣ್ಯ ಬೇರೆ ಮಾಡಿ ಎಣಿಸೋದು. ಪ್ರಶ್ನೆ ಒಂದೇ. ಈ ಮನುಷ್ಯ ಜೀವನ ಪೂರ್ತಿ ಯಾವ ಕೆಲಸದಲ್ಲಿ ಹೆಸರು ತಗೊಂಡಿದ್ದರು?

ಸಂಜೆ ಐದರ ಸಮಸ್ಯೆ

‘ಮನೆಗೆ ಹೋಗ್ಬೇಕು’ ಅನ್ನೋ ಮಾತಿಗೆ ಬರ್ತೀನಿ. ಹೊತ್ತು ಮುಳುಗೋ ಸಮಯಕ್ಕೆ ಚಡಪಡಿಕೆ ಜಾಸ್ತಿ ಆಗೋದು ಈ ಕಾಯಿಲೆಯಲ್ಲಿ ಹಲವರಿಗೆ ಇದೆ. ನಾವು ವಾದ ಮಾಡೋದು ಬಿಟ್ವಿ. ಯೋಚನೆ ಮಾಡಿದರೆ ಅಜ್ಜಿ ಕೇಳ್ತಿದ್ದದ್ದು ಸರಿಯಾಗೇ ಇತ್ತು. ಅರವತ್ತು ವರ್ಷ ಆ ಹೊತ್ತಿಗೆ ಅವರಿಗೆ ಕೆಲಸ ಇರ್ತಿತ್ತು. ದನ ಕಟ್ಟಬೇಕು, ದೀಪ ಹಚ್ಚಬೇಕು. ಇಲ್ಲಿ ಕಟ್ಟೋಕೆ ದನ ಇಲ್ಲ, ಆದರೆ ದೀಪ ಇದೆ. ಈಗ ನಾಲ್ಕೂವರೆಗೆ ಹತ್ತಿ ಮುಂದಿಡ್ತೀವಿ. ಬತ್ತಿ ಹೊಸೀತಾರೆ. ಆರಕ್ಕೆ ಅವರೇ ಬತ್ತಿ ದೀಪಕ್ಕೆ ಹಾಕ್ತಾರೆ, ಕಡ್ಡಿ ಗೀರೋದು ಅಮ್ಮ. ವಾರದಲ್ಲಿ ನಾಲ್ಕೈದು ದಿನ ಬಾಗಿಲ ಹತ್ರ ಹೋಗೋದು ನಿಂತಿದೆ. ಉಳಿದ ದಿನ ಹೋಗ್ತಾರೆ, ನಾನು ಜೊತೆಗೆ ಕೆಳಗಿಳಿದು ಒಂದು ಸುತ್ತು ಹಾಕಿಸ್ತೀನಿ.

ಪದೇ ಪದೇ ಕೇಳೋ ಪ್ರಶ್ನೆಗೂ ಒಂದು ಉಪಾಯ ಇದೆ. ಇದನ್ನೂ ಡಿಮೆನ್ಷಿಯಾ ಆರೈಕೆಯಲ್ಲಿ ಬಳಕೆಗೆ ತಂದವರಲ್ಲಿ ಕ್ಯಾಂಪ್ ಮುಖ್ಯರು. ಅಂತರ ಕೊಟ್ಟು ನೆನಪಿಸೋದು. ಉದಾಹರಣೆಗೆ ಅಜ್ಜಿ ‘ನನ್ ಕನ್ನಡಕ ಎಲ್ಲಿ’ ಅಂತ ದಿನಕ್ಕೆ ಮೂವತ್ತು ಸಲ ಕೇಳೋರು. ‘ಅಜ್ಜಿ, ಕನ್ನಡಕ ನೀಲಿ ಚೀಲದಲ್ಲಿದೆ. ಎಲ್ಲಿದೆ?’ ‘ನೀಲಿ ಚೀಲದಲ್ಲಿ.’ ಅರ್ಧ ನಿಮಿಷ ಬಿಟ್ಟು ಮತ್ತೆ ಕೇಳೋದು. ಸರಿ ಹೇಳಿದರೆ ಒಂದು ನಿಮಿಷ, ಆಮೇಲೆ ಎರಡು, ಆಮೇಲೆ ನಾಲ್ಕು. ತಪ್ಪಿದರೆ ಯೋಚನೆ ಮಾಡು ಅಂತ ಪೀಡಿಸಬಾರದು. ತಕ್ಷಣ ಉತ್ತರ ಹೇಳಿ, ಅವರಿಂದ ಹೇಳಿಸಿ, ಹಿಂದಿನ ಅಂತರಕ್ಕೆ ವಾಪಸ್ ಬರಬೇಕು. ನಡುವೆ ಮಾಮೂಲಿ ಮಾತು ನಡೀತಿರಬೇಕು. ಎರಡು ವಾರ ಆದ ಮೇಲೆ ಅಜ್ಜಿ ಕೇಳೋದಕ್ಕೆ ಮುಂಚೆ ಕೈ ನೀಲಿ ಚೀಲಕ್ಕೆ ಹೋಗೋಕೆ ಶುರುವಾಯ್ತು. ಚೀಲದ ಜಾಗ ಮಾತ್ರ ಯಾರೂ ಬದಲಾಯಿಸಬಾರದು.

ಏನು ಆಗಲ್ಲ ಅನ್ನೋದನ್ನೂ ಹೇಳ್ತೀನಿ

ಇದು ಔಷಧಿ ಅಲ್ಲ. ಆಲ್‌ಝೈಮರ್ಸ್ ವಾಸಿ ಆಗಲ್ಲ, ಹೋದ ನೆನಪು ಬತ್ತಿ ಹೊಸೆದರೆ ವಾಪಸ್ ಬರಲ್ಲ. ಹಾಗಂತ ಯಾರಾದರೂ ದುಡ್ಡು ಕೇಳಿದರೆ ನಂಬಬೇಡಿ. ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿರೋದು ಇಷ್ಟು. ಇಂಥ ಕೆಲಸ ಮಾಡುವಾಗ ಹಿರಿಯರು ಹೆಚ್ಚು ತೊಡಗಿಕೊಳ್ತಾರೆ, ಮುಖದಲ್ಲಿ ಖುಷಿ ಹೆಚ್ಚು ಕಾಣುತ್ತೆ. ಬಹಳಷ್ಟು ಅಧ್ಯಯನಗಳು ಸಣ್ಣ ಗುಂಪುಗಳ ಮೇಲೆ ನಡೆದವು ಅನ್ನೋದನ್ನೂ ನೆನಪಿಡಿ.

ಎಚ್ಚರಿಕೆ ಕೂಡ ಬೇಕು. ಕಾಯಿಲೆ ಮುಂದುವರಿದವರು ಸಣ್ಣ ವಸ್ತುಗಳನ್ನ ಬಾಯಿಗೆ ಹಾಕ್ಕೊಳ್ಳಬಹುದು. ಕಾಳು, ಗುಂಡಿ, ಮಣಿ ಕೊಟ್ಟಾಗ ಪಕ್ಕದಲ್ಲೇ ಇರಿ. ಬೆಂಕಿ, ಚಾಕು ಅವರ ಕೈಗೆ ಒಂಟಿಯಾಗಿ ಬೇಡ.

ಮೊದಲ ಹೆಜ್ಜೆ ಡಾಕ್ಟರೇ ಆಗಿರಬೇಕು. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ ಇಂಥವುಗಳಿಂದಲೂ ಮರೆವು ಬರುತ್ತೆ, ಅವಕ್ಕೆ ಚಿಕಿತ್ಸೆ ಇದೆ. ಎರಡೇ ದಿನದಲ್ಲಿ ಇದ್ದಕ್ಕಿದ್ದ ಹಾಗೆ ಗೊಂದಲ ಜಾಸ್ತಿ ಆದರೆ ಅದು ಮೂತ್ರದ ಸೋಂಕಿನಂಥ ಬೇರೆ ಕಾರಣ ಇರಬಹುದು, ತಕ್ಷಣ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರಿಗೆ ಪ್ರತ್ಯೇಕ ಸೇವೆ ಇದೆ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567. ನೋಡಿಕೊಳ್ಳೋರಿಗೇ ಮನಸ್ಸು ಕುಸಿದರೆ ಟೆಲಿ ಮಾನಸ್ 14416.

ಆ ಕೊನೆ ನಂಬರ್ ಯಾಕೆ ಹೇಳಿದೆ ಅಂದರೆ, ನಮ್ಮನೆಯಲ್ಲಿ ಇದರ ಭಾರ ಹೊತ್ತಿದ್ದು ನಾನಲ್ಲ, ಅಮ್ಮ. ನಾನು ಪುಸ್ತಕ ಓದಿ ‘ಅಮ್ಮ, ಅಜ್ಜಿಗೆ ನಿಧಾನವಾಗಿ ತೋರಿಸಬೇಕು’ ಅಂದಾಗ ಅಮ್ಮ ಒಂದೇ ಮಾತು ಹೇಳಿದರು. ‘ನಂಗೆ ನಿಧಾನಕ್ಕೆ ಟೈಮ್ ಎಲ್ಲಿದೆ? ಬೆಳಗ್ಗೆ ಅತ್ತೆಗೆ ಸ್ನಾನ ಮಾಡಿಸಿ, ತಿಂಡಿ ಮಾಡಿ, ನಿಮ್ಮಪ್ಪನ ಡಬ್ಬಿ ಕಟ್ಟೋಷ್ಟರಲ್ಲಿ ಹತ್ತಾಗುತ್ತೆ.’ ನನ್ನ ಹತ್ರ ಉತ್ತರ ಇರಲಿಲ್ಲ. ಅಜ್ಜಿ ಕೈಗೆ ಕೆಲಸ ಕೊಟ್ಟರೆ ಆ ಕೆಲಸ ಬೇಗ ಆಗಲ್ಲ, ಎರಡು ಪಟ್ಟು ಹೊತ್ತು ಹಿಡಿಯುತ್ತೆ. ‘ಸುಮ್ನೆ ಕೂತ್ಕೊಳ್ಳಿ’ ಅನ್ನೋ ಮಾತು ಎಷ್ಟೋ ಸಲ ಬರೋದು ಸುಸ್ತಿನಿಂದ. ಹಾಗಾಗಿ ಈ ಸಂಚಿಕೆ ಕೇಳಿ ನಿಮ್ಮ ಅಮ್ಮನಿಗೆ ಉಪದೇಶ ಮಾಡೋಕೆ ಹೋಗಬೇಡಿ. ನೀವು ಕೂರಿ. ನಾಲ್ಕೂವರೆಯಿಂದ ಐದೂವರೆ ನನ್ನ ಪಾಳಿ. ಆ ಹೊತ್ತಲ್ಲಿ ಅಮ್ಮ ಮಲಗ್ತಾರೆ, ಇಲ್ಲಾ ಪಾರ್ಕಿಗೆ ಹೋಗ್ತಾರೆ.

ನಿಮಗೆ ಒಂದೇ ಒಂದು ಹೋಂವರ್ಕ್. ಇವತ್ತು ರಾತ್ರಿ ಫೋನಲ್ಲಿ ಒಂದು ನೋಟ್ ತೆಗೀರಿ. ನಿಮ್ಮ ಮನೆಯ ಹಿರಿಯರ ಕೈಗೆ ಏನೇನು ಬರ್ತಿತ್ತು ಅಂತ ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ ಎಲ್ಲರಿಗೂ ಫೋನ್ ಮಾಡಿ ಕೇಳಿ ಬರೀರಿ. ಕಾಯಿಲೆ ಇಲ್ಲದಿದ್ದರೂ ಬರೀರಿ. ನಮ್ಮ ಅಜ್ಜಿ ನಾಟಿ ಹಾಡು ಹೇಳ್ತಿದ್ದರು ಅಂತ ನನಗೆ ಗೊತ್ತಾಗಿದ್ದು ಅತ್ತೆಗೆ ಫೋನ್ ಮಾಡಿದಾಗ. ಅಷ್ಟು ಹೊತ್ತಿಗೆ ಅಜ್ಜಿಗೆ ಹಾಡಿನ ಮೊದಲ ಸಾಲು ಅಷ್ಟೇ ಉಳಿದಿತ್ತು. ಎರಡು ವರ್ಷ ಮುಂಚೆ ಕೇಳಬೇಕಿತ್ತು.

ಮುಗಿಸ್ತೀನಿ. ಮೊನ್ನೆ ಸಂಜೆ ಅಜ್ಜಿ ಎರಡೆರಡು ಮೊಗ್ಗು ಜೋಡಿಸಿ ಕೊಡ್ತಿದ್ದರು, ನಾನು ಕಟ್ತಿದ್ದೆ. ಮಧ್ಯದಲ್ಲಿ ನನ್ನ ಮುಖ ನೋಡಿ ಕೇಳಿದರು, ‘ನೀ ಯಾರ್ ಮಗ್ಳವ್ವ?’ ನಾನು ಅಪ್ಪನ ಹೆಸರು ಹೇಳಿದೆ. ‘ಓ’ ಅಂದರು, ಗುರುತು ಹತ್ತಿದ ಹಾಗೆ ಕಾಣಲಿಲ್ಲ. ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದರು. ಆಮೇಲೆ ನನ್ನಿಂದ ದಾರ ಕಸ್ಕೊಂಡರು. ‘ಹಂಗಲ್ಲ ಕಣವ್ವ, ಸಡಿಲಾಯ್ತದೆ. ಇಂಗೆ.’ ಅಂತ ಗಂಟು ಹಾಕಿ ತೋರಿಸಿದರು. ಮಾತು ಕಡಿಮೆ, ನಿಧಾನವಾಗಿ, ಒಂದೇ ಸಲ. ನಾನು ಹಾಗೇ ಕಟ್ಟಿದೆ. ಗಂಟು ನಿಂತಿತು.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲಿ ಯಾರ ಕೈ ಏನು ಮರೆತಿಲ್ಲ ಅನ್ನೋದನ್ನ ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.